ನವೆಂಬರ್‌ನ ಪ್ಲಸ್-ಮೈನಸ್ ನೋಡಿ ಕೋಚ್‌ಗೆ ಬೈಯಬೇಡಿ

2014ರ ಸೀಸನ್ ಶುರುವಾಗುವಾಗ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಹೊಸ ಕೋಚ್ ಸ್ಟೀವ್ ಕೆರ್ ಒಂದು ಧೈರ್ಯದ ಕೆಲಸ ಮಾಡಿದರು. ಹತ್ತು ವರ್ಷ ತಾನು ಆಡಿದ ಪ್ರತಿ ಪಂದ್ಯದಲ್ಲೂ ಮೊದಲ ಐವರಲ್ಲಿದ್ದ ಆಂಡ್ರೆ ಇಗುಡಾಲಾ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಅವರ ಜಾಗಕ್ಕೆ, ಹಿಂದಿನ ವರ್ಷ ಮಂಕಾಗಿದ್ದ ಹ್ಯಾರಿಸನ್ ಬಾರ್ನ್ಸ್ ಬಂದರು. ಡೇವಿಡ್ ಲೀಗೆ ತೊಡೆಯ ಸ್ನಾಯು ಕೈಕೊಟ್ಟಿದ್ದರಿಂದ ಡ್ರೇಮಂಡ್ ಗ್ರೀನ್‌ಗೂ ಜಾಗ ಸಿಕ್ಕಿತು. ತಂಡ ಐದು ಪಂದ್ಯ ಗೆದ್ದಿತು, ಆಮೇಲೆ ಎರಡು ಸೋತಿತು. ಆ ಏಳು ಪಂದ್ಯಗಳ ಅಂಕಿ ಹಿಡಿದು ಲೈನಪ್, ಅಂದರೆ ಒಟ್ಟಿಗೆ ಅಂಗಳಕ್ಕಿಳಿಯುವ ಐವರ ಆಯ್ಕೆ, ಸರಿಯೋ ತಪ್ಪೋ ಅಂತ ತೀರ್ಪು ಕೊಡುವುದಕ್ಕೂ ಕವಡೆ ಹಾಕಿ ನೋಡುವುದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಸುಮ್ನೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ನೋಡೋಣ. ಪ್ಲಸ್-ಮೈನಸ್ ಗೊತ್ತಲ್ವಾ? ಐವರು ಅಂಗಳದಲ್ಲಿದ್ದಷ್ಟು ಹೊತ್ತು ತಂಡ ಗಳಿಸಿದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದು. ಒಂದು ಲೈನಪ್ ಒಟ್ಟು 60 ನಿಮಿಷ ಆಡಿದೆ ಅಂದುಕೊಳ್ಳಿ. ಈಗಿನ ಎನ್‌ಬಿಎಯಲ್ಲಿ ಅಷ್ಟರೊಳಗೆ ಎದುರಾಳಿಗಳು ಸುಮಾರು 45 ತ್ರೀ-ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆಯುವ, ಬಿದ್ದರೆ ಮೂರು ಪಾಯಿಂಟ್ ಕೊಡುವ ಎಸೆತ) ಎಸೆದಿರುತ್ತಾರೆ. ನೂರಕ್ಕೆ 36ರಂತೆ 16 ಒಳಗೆ ಬೀಳಬೇಕು. ಆದರೆ ಬರೀ ಅದೃಷ್ಟದ ಆಟದಲ್ಲೇ 13 ಬೀಳಬಹುದು, 19 ಕೂಡ ಬೀಳಬಹುದು. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಇದಕ್ಕಿಂತಲೂ ಆಚೆಗೆ ಹೋಗುತ್ತದೆ. 13ಕ್ಕೂ 19ಕ್ಕೂ ನಡುವೆ 18 ಪಾಯಿಂಟ್! ಅದೇ ಐದು ಜನ, ಅದೇ ಡಿಫೆನ್ಸ್, ಅಷ್ಟೇ ಬೆವರು. ಒಂದು ಕಡೆ ಕೋಚ್ ಜಾಣ, ಇನ್ನೊಂದು ಕಡೆ ದಡ್ಡ.

ಇನ್ನೂ ಜಾಣತನದ ಸೂತ್ರ ಬಳಸಿದರೆ ಈ ಗೊಂದಲ ಹೋಗುವುದಿಲ್ಲವೇ? ಇಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅಡ್ಡ ನಿಲ್ಲುತ್ತಾರೆ. ಕೋಲ್ಕತ್ತದಲ್ಲಿದ್ದಾಗ, 1945ರಲ್ಲಿ, 25ನೇ ವಯಸ್ಸಿನಲ್ಲಿ ಅವರು ತೋರಿಸಿದ್ದು ಇದು: ಕೈಯಲ್ಲಿ ಇಷ್ಟೇ ಮಾಹಿತಿ ಇದ್ದರೆ, ಯಾವ ಕಡೆಗೂ ವಾಲದ ಯಾವ ಅಂದಾಜಿಗೂ ಇಷ್ಟಕ್ಕಿಂತ ಹೆಚ್ಚಿನ ನಿಖರತೆ ಸಿಗುವುದಿಲ್ಲ. ಕ್ರಾಮೆರ್-ರಾವ್ ಮಿತಿ ಅಂತ ಅದಕ್ಕೆ ಹೆಸರು. 45 ಎಸೆತಕ್ಕೆ ಆ ಮಿತಿ ಶೇಕಡಾ 7ರಷ್ಟು ಬರುತ್ತದೆ. ಅಂದರೆ 36 ಅಂತ ಕಂಡದ್ದು ನಿಜಕ್ಕೂ 29 ಇರಬಹುದು, 43 ಇರಬಹುದು. ಕಂಪ್ಯೂಟರ್ ಎಷ್ಟು ದೊಡ್ಡದಾದರೂ ಅಷ್ಟೇ.

ಆದರೆ "ಯಾವ ಕಡೆಗೂ ವಾಲದ" ಅನ್ನುವ ಷರತ್ತು ನೋಡಿದಿರಾ? 1956ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಚಾರ್ಲ್ಸ್ ಸ್ಟೈನ್ ಕೈಹಾಕಿದ್ದು ಅಲ್ಲಿಗೇ. ಮೂರಕ್ಕಿಂತ ಕಡಿಮೆಯಿಲ್ಲದಷ್ಟು ವಿಷಯಗಳನ್ನು ಒಟ್ಟಿಗೆ ಅಂದಾಜು ಮಾಡುವಾಗ ಬೇಕೆಂದೇ ವಾಲಿ, ಎಲ್ಲವನ್ನೂ ಸರಾಸರಿಯ ಕಡೆ ಎಳೆಯಿರಿ, ಒಟ್ಟು ತಪ್ಪು ಕಡಿಮೆಯಾಗುತ್ತದೆ ಎಂದರು. ಆಗ ಎಷ್ಟೋ ಪಂಡಿತರಿಗೆ ಇದು ನಂಬಲಾಗದ ಮಾತು. 1970ರ ಬೇಸ್‌ಬಾಲ್ ಅಂಕಿಗಳ ಮೇಲೆ ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಇದನ್ನು ಪರೀಕ್ಷಿಸಿದರು. 18 ಬ್ಯಾಟರ್‌ಗಳ ಮೊದಲ 45 ಅವಕಾಶಗಳನ್ನಷ್ಟೇ ನೋಡಿ ಉಳಿದ ಸೀಸನ್ ಊಹಿಸಬೇಕು. ಥರ್ಮನ್ ಮನ್ಸನ್ ಎಂಬ ಹುಡುಗ 45ರಲ್ಲಿ 8 ಹೊಡೆದಿದ್ದ, ಸರಾಸರಿ 0.178. ಕಂಡ ಅಂಕಿಯನ್ನೇ ನಂಬಿದ್ದರೆ ಬೆಂಚಿಗೆ ಕಳಿಸಬೇಕಿತ್ತು. ಉಳಿದ ಸೀಸನ್‌ನಲ್ಲಿ ಅವನ ಸರಾಸರಿ 0.316, ಆ ವರ್ಷದ ಅತ್ಯುತ್ತಮ ಹೊಸಬ ಪ್ರಶಸ್ತಿಯೂ ಅವನಿಗೇ. ಎಲ್ಲ 18 ಜನರನ್ನು ಸೇರಿಸಿದರೆ, ಸ್ಟೈನ್ ದಾರಿಯ ಒಟ್ಟು ತಪ್ಪು (ಪ್ರತಿ ತಪ್ಪನ್ನೂ ವರ್ಗ ಮಾಡಿ ಕೂಡಿದರೆ) ಕಂಡ ಅಂಕಿಯನ್ನೇ ನಂಬಿದಾಗಿನ ತಪ್ಪಿನ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ.

ಲೈನಪ್‌ಗಳ ಪಾಡು ಇದಕ್ಕಿಂತ ಕಷ್ಟ. ಹತ್ತು ಆಟಗಾರರಿಂದ ಐವರನ್ನು 252 ಬಗೆಯಲ್ಲಿ ಆರಿಸಬಹುದು. 82 ಪಂದ್ಯ, ತಲಾ 48 ನಿಮಿಷ, ಒಟ್ಟು 3,936 ನಿಮಿಷ. ಸಮನಾಗಿ ಹಂಚಿದರೆ ಇಡೀ ಸೀಸನ್‌ಗೆ ಒಂದೊಂದಕ್ಕೆ ಹದಿನಾರು ನಿಮಿಷವೂ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಬಿದ್ದದ್ದು ನೋಡಿ ಈ ಸಲ ಕನ್ನಂಬಾಡಿ ಕಟ್ಟೆ ತುಂಬುತ್ತೆ ಅಂತ ಯಾರೂ ಬಾಜಿ ಕಟ್ಟುವುದಿಲ್ಲ. "ಇವನಿದ್ದಾಗ ತಂಡ ಪ್ಲಸ್ 14" ಅನ್ನುವವರು ಮಾತ್ರ ಕಟ್ಟುತ್ತಾರೆ.

ಕೆರ್ ನಿರ್ಧಾರಕ್ಕೆ ಅಂಕಿ ಬೇಕಿರಲಿಲ್ಲ, ಕಣ್ಣಿಗೆ ಕಾಣುವ ಕಾರಣ ಇತ್ತು. ಇಗುಡಾಲಾ ಪಾಸ್ ಚೆನ್ನಾಗಿ ಕೊಡುತ್ತಿದ್ದರು, ಬೆಂಚಿನವರನ್ನು ನಡೆಸಬಲ್ಲವರಾಗಿದ್ದರು. ಬಾರ್ನ್ಸ್ ನಾಲ್ಕು ಒಳ್ಳೆಯ ಆಟಗಾರರ ನಡುವೆ ಅರಳುವವರು. ತಂಡ 67 ಪಂದ್ಯ ಗೆದ್ದಿತು. ಇದರಲ್ಲಿ ಲೀ ಅವರ ತೊಡೆಯ ಪಾತ್ರವನ್ನೂ ಮರೆಯಬಾರದು ಅನ್ನಿ. ಫೈನಲ್ಸ್‌ನಲ್ಲಿ 2-1 ಹಿಂದೆ ಬಿದ್ದಾಗ ಸಹಾಯಕ ನಿಕ್ ಯುರೆನ್ ಹಿಂದಿನ ವರ್ಷದ ಫೈನಲ್ಸ್ ವಿಡಿಯೋ ನೋಡಿ ಒಂದು ಸಲಹೆ ಕೊಟ್ಟರು. ಎತ್ತರದ ಬೋಗಟ್ ಕೂತರು, ಇಗುಡಾಲಾ ಮೊದಲ ಐವರಲ್ಲಿ ಬಂದರು. ಮೂರಕ್ಕೆ ಮೂರು ಗೆಲುವು. ಇಡೀ ಲೀಗ್ ಹಂತದಲ್ಲಿ ಒಂದೂ ಪಂದ್ಯ ಶುರುಮಾಡದ ಇಗುಡಾಲಾ ಫೈನಲ್ಸ್‌ನ ಶ್ರೇಷ್ಠ ಆಟಗಾರ! ಆದರೂ ಮೂರು ಪಂದ್ಯ ಚಿಕ್ಕ ಲೆಕ್ಕವೇ.

ಹಾಗಾದರೆ ಸೀಸನ್ ಶುರುವಿನಲ್ಲಿ ಏನು ನೋಡಬೇಕು? ಎದುರಾಳಿಗಳು ಎಷ್ಟು ತ್ರೀ-ಪಾಯಿಂಟರ್ ಎಸೆದರು, ಎಲ್ಲಿಂದ, ಎದುರಿಗೆ ಕೈ ಎತ್ತಿ ನಿಂತವರಿದ್ದರೋ ಇಲ್ಲವೋ. ಡಿಫೆನ್ಸ್‌ನ ಕೈಯಲ್ಲಿರುವುದು ಬಹುಪಾಲು ಅದೇ, ಅದರ ಅಂಕಿ ಬೇಗ ನೆಲೆ ನಿಲ್ಲುತ್ತದೆ. ಎಷ್ಟು ಒಳಗೆ ಬಿತ್ತು ಅನ್ನುವ ಜಗಳವನ್ನು ಜನವರಿ ತನಕ ಮುಂದೂಡಿ.