ಅಮೆರಿಕದಲ್ಲಿ ಯಾವ ಊರಿನ ಬಸ್ಸು, ಮೆಟ್ರೊದಲ್ಲಿ ಜನ ಜಾಸ್ತಿ?

ಓದುಗರ ಪ್ರಶ್ನೆ: ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಅಲ್ಲಿ ಕಾರಿಲ್ಲದೆ ಬದುಕೋಕೇ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ. ನ್ಯೂಯಾರ್ಕ್ ಬಿಟ್ಟರೆ ಬೇರೆ ಊರುಗಳಲ್ಲಿ ಬಸ್ಸು, ಮೆಟ್ರೊಗೆ ಜನ ಹತ್ತುತ್ತಾರಾ? ಯಾವ ಊರಲ್ಲಿ ಜಾಸ್ತಿ?

ಹತ್ತುತ್ತಾರೆ. ಮೊದಲ ಸ್ಥಾನಕ್ಕೆ ಪೈಪೋಟಿಯೇ ಇಲ್ಲ, ಅದು ನ್ಯೂಯಾರ್ಕ್. ಎರಡನೇ ಸ್ಥಾನ ಯಾರದ್ದು ಅಂತ ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಲ್ಲ. ಎಣಿಸಿದ್ದು ಏನನ್ನ, ಭಾಗಿಸಿದ್ದು ಯಾವುದರಿಂದ ಅಂತ ನೋಡದೆ ಪಟ್ಟಿ ಹಿಡಿದು ಹೊರಟರೆ ದಾರಿ ತಪ್ಪುತ್ತದೆ.

ಮೊದಲು ನ್ಯೂಯಾರ್ಕ್ ನೋಡೋಣ. 1904ರಲ್ಲಿ ಶುರುವಾದ ಅಲ್ಲಿನ ಸಬ್‌ವೇಗೆ (ಅಲ್ಲಿ ಮೆಟ್ರೊ ರೈಲಿಗೆ ಹಾಗನ್ನುತ್ತಾರೆ) ಈಗ 472 ನಿಲ್ದಾಣಗಳಿವೆ. ರಾತ್ರಿ ಹಗಲು ಓಡುತ್ತದೆ. 2019ರಲ್ಲಿ ಇಡೀ ಅಮೆರಿಕದಲ್ಲಿ ಕೆಲಸಕ್ಕೆ ಬಸ್ಸು, ರೈಲಿನಲ್ಲಿ ಹೋಗುತ್ತಿದ್ದವರು ನೂರಕ್ಕೆ ಸುಮಾರು ಐದು ಜನ. ನ್ಯೂಯಾರ್ಕ್ ನಗರದಲ್ಲಿ ಅರ್ಧಕ್ಕಿಂತ ಜಾಸ್ತಿ. ಒಂದೇ ದೇಶವಾದರೂ ಓಡಾಟದ ವಿಷಯದಲ್ಲಿ ಆ ಊರೇ ಬೇರೆ ದೇಶ ಇದ್ದಂತೆ.

ಎಣಿಕೆಯ ತೊಡಕು ಶುರುವಾಗುವುದೂ ಅಲ್ಲೇ. ಕ್ವೀನ್ಸ್‌ನ ಜ್ಯಾಕ್ಸನ್ ಹೈಟ್ಸ್‌ನಲ್ಲಿ ನಮ್ಮ ಕಡೆಯವರು ತುಂಬಾ ಇದ್ದಾರೆ. ಅಲ್ಲಿಂದ ಒಬ್ಬರು ವಾಲ್ ಸ್ಟ್ರೀಟ್‌ನ ಆಫೀಸಿಗೆ ಹೊರಟಿದ್ದಾರೆ ಅಂತಿಟ್ಟುಕೊಳ್ಳಿ. 74ನೇ ಬೀದಿಯ ಮೆಟ್ಟಿಲು ಹತ್ತಿ, ಗೇಟಿನಲ್ಲಿ ಒಂದು ಸಲ ಫೋನ್ ತೋರಿಸಿ, 7ನೇ ನಂಬರಿನ ರೈಲು ಹಿಡಿಯುತ್ತಾರೆ. ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ಇಳಿದು, ಒಳಗೊಳಗೇ ನಡೆದು, 4 ಅಥವಾ 5ನೇ ನಂಬರಿನ ರೈಲಿಗೆ ಬದಲಾಯಿಸುತ್ತಾರೆ. ಇದು ಒಂದು ಪ್ರಯಾಣವೋ, ಎರಡೋ? ಸಬ್‌ವೇ ನಡೆಸುವ ಎಂಟಿಎ ಲೆಕ್ಕದಲ್ಲಿ ಒಂದು. ಗೇಟು ದಾಟಿದ್ದು ಒಂದೇ ಸಲ, ಅಲ್ವಾ? ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಎರಡು. ಅವರು ಎಣಿಸುವುದು ಎಷ್ಟು ಸಲ ಗಾಡಿ ಹತ್ತಿದಿರಿ ಅನ್ನುವುದನ್ನ.

ಸಣ್ಣ ವ್ಯತ್ಯಾಸ ಅನ್ನಿಸಬಹುದು. ಆದರೆ 2024ಕ್ಕೆ ಎಂಟಿಎ ಕೊಡುವ ಸಬ್‌ವೇ ಅಂಕಿ ಸುಮಾರು 120 ಕೋಟಿ, ಸರ್ಕಾರಿ ರೀತಿಯ ಎಣಿಕೆಯಲ್ಲಿ ಅದೇ ಸಬ್‌ವೇಗೆ ಸುಮಾರು 200 ಕೋಟಿ. ಎರಡೂ ಸುಳ್ಳಲ್ಲ. ಒಂದು ಊರಿನದ್ದು ಒಂದು ಲೆಕ್ಕದಿಂದ, ಇನ್ನೊಂದು ಊರಿನದ್ದು ಇನ್ನೊಂದು ಲೆಕ್ಕದಿಂದ ತಂದು ಪಕ್ಕಪಕ್ಕ ಇಟ್ಟರೆ ಮಾತ್ರ ಮೋಸ. ಜಾಲತಾಣಗಳಲ್ಲಿ ಓಡಾಡುವ ಎಷ್ಟೋ ಪಟ್ಟಿಗಳಲ್ಲಿ ಇದೇ ಆಗಿರುತ್ತದೆ.

ಈಗ ಎರಡನೇ ಸ್ಥಾನಕ್ಕೆ ಬರೋಣ. ಬರೀ ಮೆಟ್ರೊ ರೈಲು ಎಣಿಸಿದರೆ ಅದು ವಾಷಿಂಗ್ಟನ್, ಆಮೇಲೆ ಶಿಕಾಗೊ. ವಾಷಿಂಗ್ಟನ್ ಮೆಟ್ರೊ ಶುರುವಾಗಿದ್ದು 1976ರಲ್ಲಿ, ಈಗ 98 ನಿಲ್ದಾಣ. ಬಸ್ಸನ್ನೂ ಸೇರಿಸಿ ಎಣಿಸಿದರೆ ಪಟ್ಟಿಯೇ ತಲೆಕೆಳಗಾಗುತ್ತದೆ. 2024ರಲ್ಲಿ ಶಿಕಾಗೊ ಮತ್ತು ಲಾಸ್ ಏಂಜಲೀಸ್ ಎರಡೂ 31 ಕೋಟಿ ಪ್ರಯಾಣದ ಆಸುಪಾಸು ಬಂದು ನಿಲ್ಲುತ್ತವೆ, ವಾಷಿಂಗ್ಟನ್ ಅವುಗಳ ಹಿಂದೆ.

ಲಾಸ್ ಏಂಜಲೀಸಾ? ಹೌದು. ಹೆದ್ದಾರಿ, ಕಾರು ಅಂದರೆ ನೆನಪಾಗುವ ಅದೇ ಊರು. ಅಲ್ಲಿ ಹತ್ತುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬಸ್ಸಿನವರು. ಬೆಳಗಿನ ಜಾವ ವರ್ಮಾಂಟ್ ಅವೆನ್ಯೂದಲ್ಲಿ ಒಮ್ಮೆ ಬಸ್ ಹತ್ತಿದರೆ ಗೊತ್ತಾಗುತ್ತದೆ. ಬಸ್ಸಿನ ಮೂತಿಗೆ ಕಟ್ಟಿದ ಕಂಬಿಯ ಮೇಲೆ ಸೈಕಲ್ ಏರಿಸಿ, ಹೋಟೆಲ್ ಅಡುಗೆಮನೆಯ ಕೆಲಸಕ್ಕೆ ಹೋಗುವವರು ಒಳಗೆ ಬರುತ್ತಾರೆ. ಆಸ್ಪತ್ರೆಯ ಆಯಾಗಳು, ಕಸ ಗುಡಿಸುವವರು, ಬೆನ್ನಿಗೆ ಚೀಲ ಹಾಕಿದ ವಿದ್ಯಾರ್ಥಿಗಳು. ಕಿಟಕಿ ಪಕ್ಕದ ಹಗ್ಗ ಎಳೆದರೆ ಟಿಂಗ್ ಅನ್ನುತ್ತದೆ, ಮುಂದಿನ ಸ್ಟಾಪಿನಲ್ಲಿ ಬಸ್ ನಿಲ್ಲುತ್ತದೆ. ಅಲ್ಲಿನ ಟ್ಯಾಪ್ ಕಾರ್ಡಿನಲ್ಲಿ 1 ಡಾಲರ್ 75 ಸೆಂಟ್ ಕೊಟ್ಟರೆ ಎರಡು ಗಂಟೆ ಎಷ್ಟು ಬಸ್ ಬೇಕಾದರೂ ಬದಲಾಯಿಸಬಹುದು. ಈ ಜನರನ್ನ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. 'ಅಮೆರಿಕದಲ್ಲಿ ಬಸ್ಸಿಗೆ ಯಾರು ಹೋಗ್ತಾರೆ' ಅನ್ನುವವರು ಒಂದು ಸಲ ಆ ಬಸ್ಸಿನಲ್ಲಿ ನಿಂತುಕೊಂಡು ಹೋಗಲಿ.

ಹಾಗಂತ ಶಿಕಾಗೊ, ಲಾಸ್ ಏಂಜಲೀಸ್ ಸಮ ಅಂತಲ್ಲ. ಲಾಸ್ ಏಂಜಲೀಸ್‌ನ ಬಸ್ಸುಗಳು ಓಡುವುದು ಸುಮಾರು 1 ಕೋಟಿ ಜನರಿರುವ ಇಡೀ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಪ್ರದೇಶದಲ್ಲಿ. ಶಿಕಾಗೊ ನಗರದಲ್ಲಿ 27 ಲಕ್ಷ ಜನ, ಅಲ್ಲಿನ ಬಸ್ಸು, ರೈಲು ಹೋಗುವ ಅಕ್ಕಪಕ್ಕದ ಊರುಗಳನ್ನ ಸೇರಿಸಿದರೂ 35 ಲಕ್ಷ ದಾಟುವುದಿಲ್ಲ. ತಲೆಗೆ ಇಷ್ಟು ಅಂತ ಹಂಚಿ ನೋಡಿದರೆ ಶಿಕಾಗೊದವರು ಹತ್ತುವುದು ಸುಮಾರು ಮೂರು ಪಟ್ಟು ಜಾಸ್ತಿ. ಅಲ್ಲಿ ರೆಡ್ ಮತ್ತು ಬ್ಲೂ ಲೈನುಗಳು ರಾತ್ರಿಯಿಡೀ ಓಡುತ್ತವೆ. ಓದುವ ಮಕ್ಕಳಿಗೆ ಅದು ದೊಡ್ಡ ಅನುಕೂಲ.

ಹಳಿ ಉದ್ದ ಇದ್ದ ಮಾತ್ರಕ್ಕೆ ಜನ ಬರುವುದಿಲ್ಲ. ಡಲ್ಲಾಸ್‌ನ ಲೈಟ್ ರೈಲು (ಟ್ರಾಮಿನಂಥ ಹಗುರ ರೈಲು) 93 ಮೈಲಿ, ಅಂದರೆ ಸುಮಾರು 150 ಕಿಲೋಮೀಟರ್ ಇದೆ. ಅಂಥದ್ದೇ ರೈಲಾದ ಬಾಸ್ಟನ್‌ನ ಗ್ರೀನ್ ಲೈನ್ ಅದರ ಮೂರನೇ ಒಂದು ಪಾಲೂ ಇಲ್ಲ. ಆದರೂ 2019ರಲ್ಲಿ ಜಾಸ್ತಿ ಜನ ಹತ್ತಿದ್ದು ಬಾಸ್ಟನ್‌ನಲ್ಲೇ. ಗ್ರೀನ್ ಲೈನಿನ ಒಂದು ಭಾಗ 1897ರದ್ದು, ದೇಶದ ಮೊದಲ ಸಬ್‌ವೇ ಸುರಂಗ. ಅದರ ಸುತ್ತ ಮನೆ, ಅಂಗಡಿ, ಕಾಲೇಜು ಒತ್ತೊತ್ತಾಗಿ ಬೆಳೆದಿವೆ. ಇಳಿದ ತಕ್ಷಣ ನಡೆದೇ ಹೋಗಬಹುದು. ಡಲ್ಲಾಸ್‌ನಲ್ಲಿ ಎಷ್ಟೋ ಕಡೆ ನಿಲ್ದಾಣದ ಹೊರಗೆ ಮೊದಲು ಸಿಗುವುದೇ ಕಾರು ನಿಲ್ಲಿಸುವ ಬಯಲು.

ಕೋವಿಡ್ ಬಂದ ಮೇಲೆ ಇನ್ನೊಂದು ಸಂಗತಿ ಬಯಲಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಫ್ರೀಮಾಂಟ್ ಕಡೆ ಇರುವ ಕನ್ನಡಿಗರಿಗೆ ಬಾರ್ಟ್ ರೈಲು ಚೆನ್ನಾಗಿ ಗೊತ್ತು. 2019ರಲ್ಲಿ ವಾರದ ದಿನಗಳಲ್ಲಿ ಅದಕ್ಕೆ ದಿನಕ್ಕೆ ಸುಮಾರು 4 ಲಕ್ಷ ಜನ ಬರುತ್ತಿದ್ದರು. 2024ರಲ್ಲಿ ಅದರ ಅರ್ಧವೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪೇಟೆಯ ಆಫೀಸುಗಳಿಗೆ ಹೋಗುವವರನ್ನೇ ನಂಬಿದ್ದ ರೈಲು ಅದು. ಅವರೆಲ್ಲ ಮನೆಯಿಂದಲೇ ಕೆಲಸ ಶುರುಮಾಡಿದರು. ಅದೇ ನಗರದೊಳಗಿನ ಮುನಿ ಬಸ್ಸುಗಳಿಗೆ ಜನ ಎಷ್ಟೋ ಬೇಗ ವಾಪಸ್ ಬಂದರು, ಯಾಕಂದರೆ ತರಕಾರಿಗೆ, ಶಾಲೆಗೆ, ಡಾಕ್ಟರ ಹತ್ತಿರ ಹೋಗುವುದನ್ನ ಮನೆಯಲ್ಲಿ ಕೂತು ಮಾಡೋಕಾಗಲ್ಲ. ಹಾಗಾಗಿ 2019ರ ಪಟ್ಟಿ ನೋಡಿ ಈಗ ಮನೆ ಹುಡುಕಬೇಡಿ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ನ್ಯೂಯಾರ್ಕ್, ಬಾಸ್ಟನ್, ಶಿಕಾಗೊ, ವಾಷಿಂಗ್ಟನ್, ಸ್ಯಾನ್ ಫ್ರಾನ್ಸಿಸ್ಕೊ ನಗರದೊಳಗೆ ಮನೆ ಸಿಕ್ಕರೆ ಕಾರಿನ ಚಿಂತೆ ಬಿಡಿ. ಬೇರೆ ಊರಾದರೆ ಊರಿನ ಹೆಸರಿಗಿಂತ ಬೀದಿ ಮುಖ್ಯ. ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಫೋನಿನ ಮ್ಯಾಪಿನಲ್ಲಿ ಆ ಮನೆಯಿಂದ ಕಾಲೇಜಿಗೆ ಹೋಗುವ ಬಸ್ ಹುಡುಕಲು ಹೇಳಿ. ಸೋಮವಾರ ಬೆಳಗ್ಗೆ ಎಂಟು ಗಂಟೆಯದ್ದಲ್ಲ, ಆಗ ಎಲ್ಲಾ ಕಡೆ ಬಸ್ ಇರುತ್ತದೆ. ಭಾನುವಾರ ರಾತ್ರಿ ಒಂಬತ್ತು ಗಂಟೆಗೆ ಲೈಬ್ರರಿಯಿಂದ ವಾಪಸ್ ಬರುವ ಬಸ್ ಎಷ್ಟು ನಿಮಿಷಕ್ಕೊಂದು ಇದೆ ನೋಡಲಿ. ಹದಿನೈದು ನಿಮಿಷಕ್ಕೊಂದು ಇದ್ದರೆ ಧೈರ್ಯವಾಗಿ ಆ ಮನೆ ಹಿಡಿಯಬಹುದು. ಗಂಟೆಗೊಂದು ಅಂತ ಬಂದರೆ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಕಾಲೇಜಿನ ಹತ್ತಿರವೇ ಮನೆ ನೋಡಿ.