ಕೆಂಪು ಮಾತ್ರೆ ಟ್ರಂಕಿನಲ್ಲೇ ಉಳಿದರೆ ರಕ್ತ ಏರುವುದಿಲ್ಲ

ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಂದ (ಕೂಲಿಯವರ ಸಾಲು ಮನೆಗಳು) ತಪಾಸಣೆಗೆ ಬರುವ ಬಸುರಿಯರ ತಾಯಿ ಕಾರ್ಡ್ ತೆರೆದರೆ ಸಾಮಾನ್ಯವಾಗಿ ಎಲ್ಲ ಸರಿ ಇರುತ್ತದೆ. ನೋಂದಣಿ ಆಗಿದೆ, ಚುಚ್ಚುಮದ್ದು ಆಗಿದೆ, ಕಬ್ಬಿಣದ ಮಾತ್ರೆ ಕೊಟ್ಟಾಗಿದೆ. ಬೆರಳು ಚುಚ್ಚಿ ನೋಡಿದರೆ ಹಿಮೋಗ್ಲೋಬಿನ್ ಎಂಟೂವರೆ ಗ್ರಾಂ. ಮಾತ್ರೆ ಕೊಟ್ಟದ್ದು ನಿಜ. ಅದು ಹೊಟ್ಟೆಗೆ ಹೋಗಿಲ್ಲ ಅನ್ನೋದೂ ನಿಜ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಯೋಜನೆಗಳಿಲ್ಲ ಅಂತ ಹೀಗಾಗಿದ್ದಲ್ಲ, ಯೋಜನೆಗಳು ಬೇಕಾದಷ್ಟಿವೆ. ನನ್ನ ಪ್ರಕಾರ ಹೊಂದದೇ ಇರೋದು ಹೊತ್ತು. ಅಂಗನವಾಡಿ, ಆರೋಗ್ಯ ಉಪಕೇಂದ್ರ ತೆರೆದಿರುವಾಗ ಹೆಂಗಸು ತೋಟದಲ್ಲಿರುತ್ತಾಳೆ, ಅವಳು ಲೈನಿಗೆ ಬಂದು ಸೊಂಟದ ಚೀಲ ಬಿಚ್ಚುವ ಹೊತ್ತಿಗೆ ಅಲ್ಲಿ ಬಾಗಿಲು ಹಾಕಿರುತ್ತದೆ.

ಮೊದಲು ಮಾತ್ರೆಯ ವಿಷಯ. ಬಸುರಿಗೆ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಒಂದು ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತಲೇ ಲೆಕ್ಕ, ಆಗ ದಿನಕ್ಕೆ ಎರಡು ಮಾತ್ರೆ. 7ಕ್ಕಿಂತ ಕೆಳಗೆ ಹೋದರೆ ಮಾತ್ರೆ ನೆಚ್ಚಿಕೊಂಡು ಕೂರುವಂತಿಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು.

ಯಾಕೆ ನುಂಗುವುದಿಲ್ಲ? "ಡಾಕ್ಟ್ರಮ್ಮ, ಇದು ತಿಂದ್ರೆ ಮಗು ಕಪ್ಪಾಗುತ್ತಂತೆ" ಅಂತ ಒಬ್ಬರು, "ಮಗು ದಪ್ಪ ಆಗಿ ಆಪರೇಶನ್ ಆಗುತ್ತಂತೆ" ಅಂತ ಇನ್ನೊಬ್ಬರು. ಎರಡೂ ಸುಳ್ಳು. ಮಲ ಕಪ್ಪಾಗುವುದು ಮಾತ್ರ ನಿಜ, ಅದರಿಂದ ತೊಂದರೆ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಭಯ ಹೋಗುತ್ತದೆ. ಹೇಳದೆ ಕೊಟ್ಟರೆ ಎರಡನೇ ದಿನವೇ ಸ್ಟ್ರಿಪ್ ಟ್ರಂಕಿನ ತಳ ಸೇರುತ್ತದೆ.

ಇನ್ನು ವಾಕರಿಕೆ. ಅದು ನಿಜವಾದ ಕಷ್ಟ, ಸೋಗಲ್ಲ. ಬೆಳಗ್ಗೆ ಹಾಜರಿಗೆ ಓಡುವ ಅವಸರದಲ್ಲಿ ಖಾಲಿ ಹೊಟ್ಟೆಗೆ ಮಾತ್ರೆ ಹಾಕಿ ಮೇಲೆ ಒಂದು ಲೋಟ ಬೆಲ್ಲದ ಕಾಫಿ ಕುಡಿದರೆ ವಾಕರಿಕೆಯೂ ಬರುತ್ತದೆ, ಕಬ್ಬಿಣ ಮೈಗೆ ಹಿಡಿಯುವುದೂ ಇಲ್ಲ, ಯಾಕೆಂದರೆ ಕಾಫಿ, ಟೀ ಎರಡೂ ಅದಕ್ಕೆ ಅಡ್ಡ ಬರುತ್ತವೆ. ಕಾಫಿ ನಾಡಿನಲ್ಲಿ ಕೂತು ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ! ಒಂದು ಗಂಟೆ ಬಿಟ್ಟು ಕುಡಿಯಿರಿ, ಅಷ್ಟೇ. ರಾತ್ರಿ ಊಟವಾದ ಮೇಲೆ, ಮಲಗುವ ಮುಂಚೆ ಮಾತ್ರೆ ತೆಗೆದುಕೊಂಡರೆ ಹೆಚ್ಚಿನವರಿಗೆ ಸಂಕಟ ಆಗುವುದಿಲ್ಲ. ಊಟಕ್ಕೆ ನಿಂಬೆಹಣ್ಣೋ ನೆಲ್ಲಿಕಾಯಿಯೋ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರ ಇರಲಿ.

ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ? ಒಂದು ತಿಂಗಳು ಸರಿಯಾಗಿ ತಿಂದರೆ ಒಂದು ಗ್ರಾಂ ಆದರೂ ಏರಬೇಕು. ಏರಲಿಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು. ನಮ್ಮಲ್ಲಿ ನಾನು ಮೊದಲು ನೋಡುವುದು ಕಾಲು. ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ಒದ್ದೆ ಮಣ್ಣು ತುಳಿಯುವವರಿಗೆ ಕೊಕ್ಕೆ ಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಕಾಲಿಗೆ ಹತ್ತಿದ ಉಂಬಳವನ್ನು ಎಲ್ಲರೂ ಕಿತ್ತು ಎಸೆಯುತ್ತಾರೆ, ಕರುಳಲ್ಲಿ ಕಚ್ಚಿಕೊಂಡು ದಿನಾ ರಕ್ತ ಕುಡಿಯುವ ಈ ಹುಳು ಕಣ್ಣಿಗೆ ಕಾಣುವುದಿಲ್ಲವಲ್ಲ. ನಾಲ್ಕನೇ ತಿಂಗಳು ಕಳೆದ ಮೇಲೆ ಒಂದು ಆಲ್ಬೆಂಡಝೋಲ್ ಮಾತ್ರೆ, ಕಾಲಿಗೆ ಚಪ್ಪಲಿ ಇಲ್ಲವೇ ಬೂಟು. ತೋಟದವರು ಗೊಬ್ಬರಕ್ಕೆ ಖರ್ಚು ಮಾಡುವುದರ ಮುಂದೆ ಒಂದು ಜೊತೆ ಗಂಬೂಟು ಏನೂ ಅಲ್ಲ.

ಊಟದ ಯೋಜನೆಗೆ ಬರೋಣ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಮಾತೃಪೂರ್ಣ ಶುರುವಾಯಿತು. ತಿಂಗಳಿಗೆ 25 ದಿನ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿ ಊಟ: ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಚಿಕ್ಕಿ, ಜೊತೆಗೆ ಕಣ್ಣೆದುರೇ ಕಬ್ಬಿಣದ ಮಾತ್ರೆ. ಯೋಚನೆ ಬಹಳ ಚೆನ್ನಾಗಿದೆ. ಮನೆಗೆ ಕೊಟ್ಟ ಮೊಟ್ಟೆ ಗಂಡನಿಗೋ ಮಗನಿಗೋ ಹೋಗುತ್ತದೆ, ಇದು ಅವಳ ಹೊಟ್ಟೆಗೇ ಹೋಗುತ್ತದೆ. ಒಂದೇ ಕಡೆ ಮನೆಗಳೆಲ್ಲ ಸೇರಿರುವ ಕಡೂರು ಕಡೆಯ ಬಯಲು ಊರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಕಳಸ, ಕೊಪ್ಪ, ಶೃಂಗೇರಿ ಕಡೆ ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ. ಆರಿದ್ರಾ ಮಳೆ ಹಿಡಿದ ಮೇಲೆ ಎಂಟು ತಿಂಗಳ ಬಸುರಿ ಹಳ್ಳ ದಾಟಿ ಒಂದು ಊಟಕ್ಕೆ ಬಂದು ಹೋಗಬೇಕು ಅಂದರೆ ಉಂಡದ್ದು ದಾರಿಯಲ್ಲೇ ಕರಗುತ್ತದೆ. ಬಾಣಂತಿಯಂತೂ ನಮ್ಮ ಪದ್ಧತಿಯಲ್ಲಿ ಹೊಸಿಲು ದಾಟುವುದೇ ಕಷ್ಟ. ತೋಟದ ಕೆಲಸಕ್ಕೆ ಹೋಗುವವಳು ಮಧ್ಯಾಹ್ನ ಊಟಕ್ಕೆ ಹೋದರೆ ಅರ್ಧ ದಿನದ ಕೂಲಿ ಹೋಯಿತು. ಎಲ್ಲರಿಗೂ ಒಂದೇ ನಿಯಮ ಅಂದಾಗ ಮಲೆನಾಡಿಗೆ ಆಗುವ ಅನ್ಯಾಯ ಇದು. ಬರಲಾಗದವರು ಸುಮ್ನೆ ಇದ್ದುಬಿಡಬೇಡಿ. ಮನೆಗೆ ಕಳಿಸುವ ದಾರಿ ಇದೆಯಾ ಅಂತ ಅಂಗನವಾಡಿ ಅಕ್ಕನನ್ನು, ಅವರಿಂದ ಆಗದಿದ್ದರೆ ಮೇಲ್ವಿಚಾರಕಿಯನ್ನು ಕೇಳಿ. ಕೇಳದಿದ್ದರೆ ರಿಜಿಸ್ಟರಿನಲ್ಲಿ 'ಬರಲಿಲ್ಲ' ಅಂತಷ್ಟೇ ದಾಖಲಾಗುತ್ತದೆ.

ದುಡ್ಡಿನ ಯೋಜನೆ ಮಾತೃವಂದನಾ. ಮೊದಲ ಮಗುವಿಗೆ 5000 ರೂಪಾಯಿ, ಎರಡು ಕಂತಿನಲ್ಲಿ. ಎರಡನೆಯದು ಹೆಣ್ಣಾದರೆ 6000, ಒಂದೇ ಸಲ. ಬಿಪಿಎಲ್ ಕಾರ್ಡ್, ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್ ಇಂಥದ್ದು ಯಾವುದಾದರೂ ಒಂದಿದ್ದರೆ ಸಾಕು. ಜಾಸ್ತಿ ಜನ ಎಡವುವುದು ಬ್ಯಾಂಕಿನಲ್ಲಿ. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ, ಅದು ಎಷ್ಟೋ ಸಲ ಮದುವೆಗೆ ಮುಂಚೆ ತವರಿನಲ್ಲಿ ತೆರೆದ ಖಾತೆಯಾಗಿರುತ್ತದೆ. ಪಾಸ್‌ಬುಕ್ ಅಮ್ಮನ ಮನೆಯಲ್ಲಿ, ಇವಳು ಇಲ್ಲಿ "ದುಡ್ಡೇ ಬರಲಿಲ್ಲ" ಅಂತ ಕೊರಗುವುದು. ಇನ್ನೊಂದು ಮಾತು, ಇದು ತುಂಬಾ ಜನರಿಗೆ ಗೊತ್ತಿಲ್ಲ: ಗಂಡನ ಆಧಾರ್ ಈಗ ಕಡ್ಡಾಯ ಅಲ್ಲ. ಗಂಡ ಬಿಟ್ಟುಹೋದವಳೂ, ಮದುವೆಯಾಗದೆ ತಾಯಿಯಾದವಳೂ ಅರ್ಜಿ ಹಾಕಬಹುದು. ಕೌಂಟರಿನಲ್ಲಿ ಯಾರಾದರೂ ಗಂಡನ ಕಾರ್ಡ್ ತನ್ನಿ ಅಂದರೆ ತಲೆ ತಗ್ಗಿಸಿ ವಾಪಸ್ ಬರಬೇಡಿ.

ಕೊಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬರುವವರ ಕಥೆ ಇನ್ನೂ ಬೇರೆ. ಅವರಿಗೆ ಕನ್ನಡ ಬರುವುದಿಲ್ಲ, ನಮ್ಮ ಆಶಾ ಅಕ್ಕಂದಿರಿಗೆ ಅವರ ಮಾತು ಬರುವುದಿಲ್ಲ, ನಡುವೆ ಮೇಸ್ತ್ರಿ ಹೇಳಿದ್ದೇ ವೇದ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ರಕ್ತ, ಔಷಧ, ಊಟ, ಹೋಗಿಬರುವ ವಾಹನ ಎಲ್ಲ 2011ರಿಂದಲೇ ಉಚಿತ. ಯಾವ ರಾಜ್ಯ, ಯಾವ ಕಾರ್ಡ್ ಅನ್ನುವ ಪ್ರಶ್ನೆಯೇ ಇಲ್ಲ. ಒಂದು ವರ್ಷದೊಳಗಿನ ಮಗುವಿನ ಕಾಯಿಲೆಗೂ ಈಗ ಹಾಗೇ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದು ಯಾಕೆ ಅಂದರೆ ಹೆರಿಗೆಯಲ್ಲಿ ರಕ್ತ ಹೋಗೋದು ಸಹಜ. ಹನ್ನೆರಡು ಗ್ರಾಂ ಇರುವವಳು ತಡೆದುಕೊಳ್ಳುವ ರಕ್ತಸ್ರಾವವನ್ನು ಏಳು ಗ್ರಾಂ ಇರುವವಳು ತಡೆದುಕೊಳ್ಳಲಾರಳು. ಆಶ್ಲೇಷ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದಾಗ 108ಕ್ಕೆ ಫೋನು ಹೋಗಲೂ ನೆಟ್‌ವರ್ಕ್ ಬೇಕಲ್ಲ. ಅದಕ್ಕೇ ಜುಲೈ, ಆಗಸ್ಟಿನಲ್ಲಿ ದಿನ ತುಂಬುವವರಿಗೆ ನಾನು ಹೇಳುವುದು, ತಾರೀಕಿಗೆ ಒಂದು ವಾರ ಮುಂಚೆಯೇ ಪೇಟೆಯ ನೆಂಟರ ಮನೆಗೋ ಆಸ್ಪತ್ರೆಗೋ ಬಂದುಬಿಡಿ. ರಕ್ತ ಸಿಗುವ ಕಡೆಯೇ ಹೆರಿಗೆ ಆಗಲಿ.

ಮಕ್ಕಳ ವಿಷಯ ಚುಟುಕಾಗಿ. ಆರು ತಿಂಗಳಿಂದ ಐದು ವರ್ಷದೊಳಗಿನವರಿಗೆ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ ಒಂದೊಂದು ಮಿಲಿ. ಬಾಟಲಿ ಕೇಳಿ ತೆಗೆದುಕೊಳ್ಳಿ. ಆರು ತಿಂಗಳು ತುಂಬಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿ ಅಂದರೆ ತಾಯಿ ಒಲ್ಲೆ ಅನ್ನುತ್ತಾಳೆ, ಎರಡು ವಾರ ಕೂಲಿ ಬಿಟ್ಟು ಉಳಿದ ಮಕ್ಕಳನ್ನು ಯಾರ ಕೈಲಿ ಬಿಡೋದು? ಪಂಚಾಯಿತಿಗಳ ಶಿಶುವಿಹಾರ 'ಕೂಸಿನ ಮನೆ' ನರೇಗಾ ಕೂಲಿಕಾರರ ಮಕ್ಕಳಿಗೆಂದು ಶುರುವಾದದ್ದು. ಲೈನ್ ಮನೆಯ ಎಷ್ಟೋ ಹೆಂಗಸರ ಹತ್ತಿರ ಜಾಬ್ ಕಾರ್ಡೇ ಇರುವುದಿಲ್ಲ. ದೊಡ್ಡ ತೋಟಗಳಲ್ಲಿ ಶಿಶುವಿಹಾರ ಇರಬೇಕು ಅನ್ನುವುದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಸಣ್ಣ ತೋಟಗಳ ಮೇಲೆ ಆ ಕಟ್ಟುಪಾಡೂ ಇಲ್ಲ, ನಾಲ್ಕು ತೋಟದವರು ಸೇರಿ ಒಂದು ಕೋಣೆ, ಒಬ್ಬ ಆಯಾ ಅಂತ ಮಾಡಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ.

ತೋಟದ ಮಾಲೀಕರಲ್ಲಿ, ಲೆಕ್ಕ ಬರೆಯುವ ರೈಟರುಗಳಲ್ಲಿ ನನ್ನದೊಂದು ಕೋರಿಕೆ. ಕೂಲಿ ಬಟವಾಡೆ ದಿನ ಸಂಜೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಅವತ್ತು ಅರ್ಧ ಗಂಟೆ ನಮ್ಮ ಸಿಸ್ಟರ್‌ಗೂ ಆಶಾ ಅಕ್ಕನಿಗೂ ಒಂದು ಮೇಜು ಹಾಕಿಕೊಡಿ. ಖಾಲಿ ಸ್ಟ್ರಿಪ್ ತಂದವರಿಗೆ ಹೊಸ ಸ್ಟ್ರಿಪ್, ತುಂಬಿದ ಸ್ಟ್ರಿಪ್ ತಂದವರ ಜೊತೆ ಎರಡು ಮಾತು. ಹಾಗೇ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. ಅವತ್ತು ನಿಮ್ಮ ತೋಟದ ಬಸುರಿಯರನ್ನು ಕೂಲಿ ಕಡಿಯದೆ ಜೀಪಿನಲ್ಲಿ ಕಳಿಸಿಕೊಡಿ.