ಅಪ್ಪ ಬರೆಸಿದ ವಹಿ

ಒಂದು ಮಧ್ಯಾಹ್ನ ಆಳಂದ ಕಡೆಯ ಇಬ್ಬರು ಅಣ್ಣತಮ್ಮಂದಿರು ತಂಗಿಯನ್ನು ಕರೆದುಕೊಂಡು ಕಲಬುರಗಿಯ ನನ್ನ ಕಚೇರಿಗೆ ಬಂದರು. ಆಕೆಯನ್ನು ಶಹಾಪುರದ ಕಡೆಗೆ ಕೊಟ್ಟಿದ್ದರು. ಹಿಂದಿನ ದಿನ ತವರಿನಲ್ಲಿ ಉಡಿ ತುಂಬಿದ್ದರು. ಉಟ್ಟಿದ್ದ ಇಳಕಲ್ ಸೀರೆಯ ಮಡಿಕೆಯ ಗೆರೆಗಳು ಇನ್ನೂ ಮಾಸಿರಲಿಲ್ಲ. ದೊಡ್ಡಣ್ಣ ಹಕ್ಕು ಬಿಡುಗಡೆ ಪತ್ರದ ಕರಡನ್ನು ಮೇಜಿನ ಮೇಲಿಟ್ಟು, "ತಂಗಿ ಸಹಿ ಹಾಕುತ್ತಾಳೆ. ನೀವು ಒಮ್ಮೆ ಕಣ್ಣಾಡಿಸಿಬಿಡಿ, ನಾಳೆಯೇ ನೋಂದಣಿ" ಎಂದ. ಅವರ ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. (ಗುರುತು ಸಿಗದಂತೆ ಊರು, ಎಕರೆಗಳ ವಿವರ ಬದಲಿಸಿದ್ದೇನೆ.)

"ಇದರಲ್ಲಿ ಏನು ಬರೆದಿದೆ, ಗೊತ್ತೇನಮ್ಮ?" ಎಂದು ಆಕೆಯನ್ನು ಕೇಳಿದೆ. ಆಕೆ ಅಣ್ಣನ ಮುಖ ನೋಡಿದಳು. "ಹೊಲ ಅಣ್ಣಂದಿರ ಹೆಸರಿಗೆ ಆಗಬೇಕಂತೆ" ಎಂದಳು. ಎಷ್ಟು ಎಕರೆ, ಅದರಲ್ಲಿ ತನ್ನದೆಷ್ಟು ಎಂದು ಆಕೆಗೆ ಯಾರೂ ಹೇಳಿರಲಿಲ್ಲ.

ಇಪ್ಪತ್ತಾರು ವರ್ಷಗಳ ವಕೀಲಿಯಲ್ಲಿ ಇಂಥ ಮಧ್ಯಾಹ್ನಗಳನ್ನು ಬಹಳ ಕಂಡಿದ್ದೇನೆ. ತಂಗಿ ಮನಸಾರೆ ಬಿಟ್ಟುಕೊಟ್ಟರೆ ನನ್ನ ತಕರಾರಿಲ್ಲ. ಹಾಗೆ ಕೊಟ್ಟು ನೆಮ್ಮದಿಯಿಂದ ಇರುವವರೂ ಇದ್ದಾರೆ. ಆದರೆ ತಿಳಿಯದೆ ಹಾಕಿದ ಸಹಿ ಹತ್ತು ವರ್ಷದ ಮೇಲೆ ದಾವೆಯಾಗಿ ಎದ್ದು ಬರುತ್ತದೆ. ಆಗ ತವರಿನ ಬಾಗಿಲೂ ಮುಚ್ಚಿರುತ್ತದೆ. ತೀರಿಕೊಂಡ ತಂದೆ ಕೆಟ್ಟವರೇನೂ ಆಗಿರುವುದಿಲ್ಲ. ಬದುಕಿದ್ದಾಗ ಒಂದು ಮಾತು ಹೇಳಿರುವುದಿಲ್ಲ, ಅಷ್ಟೇ. ಆ ಮೌನವೂ ಹೊಲದ ಜೊತೆಗೇ ಮಕ್ಕಳ ಪಾಲಿಗೆ ಬರುತ್ತದೆ.

ಮಗಳ ಪಾಲಿನ ಲೆಕ್ಕ ಹೇಳುತ್ತೇನೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ, ಅದಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೇ ಎಂಬ ಗೊಂದಲ ಹದಿನೈದು ವರ್ಷ ನಡೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗವನ್ನು ಮಾತ್ರ ಈಗ ಕೆದಕುವಂತಿಲ್ಲ. "ಬಾಯಿಮಾತಿನಲ್ಲಿ ಆಗಲೇ ವಾಟ್ನಿ (ಪಾಲು ಹಂಚಿಕೆ) ಆಗಿತ್ತು" ಎಂಬ ವಾದಕ್ಕೆ ಸರ್ಕಾರಿ ದಾಖಲೆಯ ಬಲವಿಲ್ಲದೆ ಬೆಲೆ ಸಿಗುವುದು ಕಷ್ಟ. ಲಿಂಗಾಯತರು, ಬೌದ್ಧರು, ಜೈನರು, ಸಿಖ್ಖರು ಎಲ್ಲರೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೊಳಗೇ ಬರುತ್ತಾರೆ.

ಈ ಮಾತು ಬಂದಾಗಲೆಲ್ಲ ನನಗೆ ಮರತೂರು ನೆನಪಾಗುತ್ತದೆ. ನಮ್ಮ ಜಿಲ್ಲೆಯ ಈ ಊರನ್ನು ಜನ ವಿಜ್ಞಾನೇಶ್ವರರ ಊರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಅವರು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದರು. ಬಂಗಾಳ, ಅಸ್ಸಾಂ ಬಿಟ್ಟರೆ ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಶತಮಾನಗಳ ಕಾಲ ಹಂಚಿಕೆಯಾದದ್ದು ಆ ಬರಹದ ಆಧಾರದ ಮೇಲೆ. ಮಗ ಹುಟ್ಟುತ್ತಲೇ ಹಕ್ಕುದಾರ ಎಂಬ ತತ್ವ ಅಲ್ಲಿಯದು. ಹೆಣ್ಣಿಗೆ ಖರೀದಿಯಿಂದ, ಪಾಲಿನಿಂದ, ಉತ್ತರಾಧಿಕಾರದಿಂದ ಬಂದದ್ದೂ ಸ್ತ್ರೀಧನವೇ ಎಂದು ವಿಶಾಲವಾಗಿ ಅರ್ಥ ಹೇಳಿದವರೂ ಅವರೇ. ಹುಟ್ಟಿನಿಂದ ಹಕ್ಕು ಎಂಬ ಅವರ ಮಾತನ್ನೇ 2005ರ ಕಾಯ್ದೆ ಮಗಳವರೆಗೆ ಚಾಚಿತು. ನಮ್ಮ ನೆಲದಲ್ಲಿ ಬರೆದ ಮಾತು ಒಂಬೈನೂರು ವರ್ಷ ದಾಟಿ ದೆಹಲಿಯ ತೀರ್ಪಿನಲ್ಲಿ ಕೇಳಿಬರುವಾಗ ನನಗೆ ರೋಮಾಂಚನವಾಗುತ್ತದೆ. ಅದೇ ನೆಲದ ಮಗಳಿಗೆ ತನ್ನ ಪಾಲು ಗೊತ್ತಿಲ್ಲ ಎಂದಾಗ ಅಷ್ಟೇ ಸಂಕಟವೂ ಆಗುತ್ತದೆ.

ಸ್ವಂತ ದುಡಿಮೆಯ ಆಸ್ತಿಯ ವಿಷಯ ಬೇರೆ. ಅದನ್ನು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಏನೂ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತೀರಿಕೊಂಡವನ ತಾಯಿ, ಇಷ್ಟೂ ಜನರಿಗೆ ಸಮಪಾಲು. ಈ ಕೊನೆಯ ಹೆಸರನ್ನು ಜನ ಮರೆಯುತ್ತಾರೆ. ಮಗ ಅಪಘಾತದಲ್ಲಿ ಹೋದ ಮೇಲೆ ಸೊಸೆ ಮೊಮ್ಮಕ್ಕಳ ಹೆಸರಷ್ಟೇ ವಂಶವೃಕ್ಷದಲ್ಲಿ ಬರೆಸಿ, ಎಪ್ಪತ್ತು ದಾಟಿದ ತಾಯಿಯನ್ನು ಕೈಬಿಟ್ಟ ಅರ್ಜಿಗಳನ್ನು ನಾನೇ ತಿದ್ದಿಸಿದ್ದೇನೆ. ಬ್ಯಾಂಕಿನ ನಾಮಿನಿ ಎಂದರೆ ಹಣದ ಒಡೆಯ ಎಂಬುದೂ ತಪ್ಪು ತಿಳಿವಳಿಕೆ. ನಾಮಿನಿ ಹಣವನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅದು ಸೇರುವುದು ವಾರಸುದಾರರಿಗೆ.

ಮೃತ್ಯುಪತ್ರ ಎಂಬ ಹೆಸರಿಗೇ ನಮ್ಮ ಜನ ಹೆದರುತ್ತಾರೆ. ಬರೆಸಿದರೆ ಸಾವು ಬಾಗಿಲಿಗೆ ಬಂತು ಎಂದುಕೊಳ್ಳುತ್ತಾರೆ. ಮೊದಲ ಮೃತ್ಯುಪತ್ರ ಬರೆಸಿ ಹದಿನೆಂಟು ವರ್ಷ ಗಟ್ಟಿಯಾಗಿದ್ದು, ನಡುವೆ ಮೂರು ಸಲ ಬದಲಿಸಿದ ಹಿರಿಯರೊಬ್ಬರು ನನ್ನ ಕಕ್ಷಿದಾರರಾಗಿದ್ದರು. ಬಿಳಿ ಹಾಳೆಯ ಮೇಲೆ ಬರೆದರೂ ನಡೆಯುತ್ತದೆ, ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಿಲ್ಲ. ಬೇಕೇ ಬೇಕಾದದ್ದು ಇಬ್ಬರು ಸಾಕ್ಷಿಗಳು. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಅವರು ಕಂಡಿರಬೇಕು ಇಲ್ಲವೇ ನಿಮ್ಮ ಬಾಯಿಂದ ಕೇಳಿರಬೇಕು, ನಿಮ್ಮೆದುರಿಗೇ ತಾವೂ ಸಹಿ ಮಾಡಬೇಕು. ಜನ ಎಡವುವುದು ಇಲ್ಲಿಯೇ. ತಮ್ಮ ವಯಸ್ಸಿನ ಗೆಳೆಯರನ್ನೇ ಸಾಕ್ಷಿ ಹಾಕಿಸುತ್ತಾರೆ. ನ್ಯಾಯಾಲಯದಲ್ಲಿ ಪತ್ರ ರುಜುವಾತಾಗಬೇಕಾದ ದಿನ ಆ ಗೆಳೆಯರೂ ಇರುವುದಿಲ್ಲ. ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಕರೆಯಿರಿ. ಆಸ್ತಿ ಪಡೆಯುವವರನ್ನು ದೂರವಿಡಿ. ಕಾಯಿಲೆಯವರಾಗಿದ್ದರೆ ಚಿಕಿತ್ಸೆ ನೀಡುವ ವೈದ್ಯರೊಬ್ಬರು ಸಾಕ್ಷಿಯಾಗಿರಲಿ. ಒಬ್ಬ ಮಗನಿಗೆ ಕಡಿಮೆ, ಇನ್ನೊಬ್ಬನಿಗೆ ಹೆಚ್ಚು ಕೊಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಆ ಎರಡು ಸಾಲು ಇಲ್ಲದ್ದಕ್ಕೆ ಸಂಶಯ ಹುಟ್ಟಿ ಮುರಿದ ಮನೆಗಳನ್ನು ನೋಡಿದ್ದೇನೆ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಇಡೀ ಹೊಲವನ್ನಲ್ಲ.

ಮುಸ್ಲಿಂ ಕುಟುಂಬಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು, ಅಥವಾ ವಾರಸುದಾರರಲ್ಲೇ ಒಬ್ಬರಿಗೆ, ಹೀಗೆ ಬರೆದರೆ ಸಾಮಾನ್ಯವಾಗಿ ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಬೀದರಿನ ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಪಕ್ಕದ ಮನೆಯವರ ಪತ್ರವನ್ನು ನಕಲು ಮಾಡಿ ಹೆಸರು ಬದಲಿಸಬೇಡಿ.

ಸಾಲದ ಬಗ್ಗೆ ಮಾತ್ರ ನಾನು ಒತ್ತಿ ಹೇಳಲೇಬೇಕು. ತೊಗರಿಗೆ ನೆಟೆರೋಗ ಬಿದ್ದ ವರ್ಷ ನಮ್ಮ ಹಳ್ಳಿಗಳಲ್ಲಿ ಕೈಗಡ ಸಾಲ ಏರುತ್ತದೆ. ಅಪ್ಪ ತೀರಿಕೊಂಡು ದಿನಕರ್ಮ ಮುಗಿಯುವ ಮೊದಲೇ ಸಾಲ ಕೊಟ್ಟವರು ಅಂಗಳದಲ್ಲಿ ಕೂರುತ್ತಾರೆ. "ಅಪ್ಪನ ಋಣ ತೀರಿಸುವುದು ಮಗನ ಧರ್ಮ" ಎಂಬ ಒಂದೇ ಮಾತಿಗೆ, ಪುಣೆಗೋ ಮುಂಬೈಗೋ ದುಡಿಯಲು ಹೋದ ಹುಡುಗ ಹೊಸ ಬಾಂಡಿಗೆ ಸಹಿ ಹಾಕಿಬಿಡುತ್ತಾನೆ. ದಯವಿಟ್ಟು ಹಾಕಬೇಡಿ. 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ ಧರ್ಮದ ಆ ಮಾತನ್ನಷ್ಟೇ ಮುಂದಿಟ್ಟು ಮಗನನ್ನು, ಮೊಮ್ಮಗನನ್ನು ಹೊಣೆ ಮಾಡಲು ಕಾಯ್ದೆ ಬಿಡುವುದಿಲ್ಲ. ತಂದೆಯಿಂದ ಬಂದ ಆಸ್ತಿ ಎಷ್ಟೋ ಅಷ್ಟರ ಮಟ್ಟಿಗೆ ಮಾತ್ರ ಸಾಲ ವಸೂಲಾಗಬಹುದು. ಹೊಲ ಅಡವಿಟ್ಟಿದ್ದರೆ ಅಡವು ಹೊಲದ ಜೊತೆಗೇ ಬರುತ್ತದೆ, ನೀವೇ ಜಾಮೀನು ನಿಂತಿದ್ದರೆ ನಿಮ್ಮ ಹೊಣೆ ನಿಮ್ಮದು. ಅದು ಬಿಟ್ಟು ನಿಮ್ಮ ಕೂಲಿ, ನಿಮ್ಮ ಹೆಂಡತಿಯ ತಾಳಿ ಅಪ್ಪನ ಸಾಲಕ್ಕೆ ಸೇರಿದ್ದಲ್ಲ. ಹಿರಿಯರಿಗೂ ಒಂದು ಮಾತು: ಸಾಲವನ್ನು ಮುಚ್ಚಿಡಬೇಡಿ. ಯಾರ ಹತ್ತಿರ ಎಷ್ಟು ತಂದಿದ್ದೀರಿ, ಎಷ್ಟು ಮರಳಿಸಿದ್ದೀರಿ ಎಂಬುದು ಮನೆಯವರಿಗೆ ಗೊತ್ತಿದ್ದರೆ, ಹತ್ತು ಸಾವಿರಕ್ಕೆ ಐವತ್ತು ಸಾವಿರ ಹೇಳುವವನ ಮುಂದೆ ನಿಮ್ಮ ಮಗ ನಿಂತು ಮಾತಾಡಬಲ್ಲ.

ಬದುಕಿರುವಾಗಲೇ ಎಲ್ಲವನ್ನೂ ದಾನಪತ್ರ ಮಾಡಿ ಕೈ ಬರಿದು ಮಾಡಿಕೊಳ್ಳುವವರೂ ಬರುತ್ತಾರೆ. ಮಾಡಲೇಬೇಕೆಂದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಶರತ್ತನ್ನು ಆ ಪತ್ರದಲ್ಲೇ ಬರೆಸಿ. ಮಕ್ಕಳು ಶರತ್ತು ಮುರಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಆ ಪತ್ರವನ್ನು ರದ್ದು ಮಾಡಿಸಬಹುದು.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು. ಅಜ್ಜಂದಿರ ಟ್ರಂಕಿನಲ್ಲಿರುವ ಕಾಗದಗಳು ಉರ್ದುವಿನಲ್ಲಿವೆ. ಅವನ್ನು ಸರಾಗವಾಗಿ ಓದಬಲ್ಲ ಹಿರಿಯರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಓದಿಸಿ, ಕನ್ನಡದಲ್ಲಿ ಬರೆಸಿಡಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು ಸೇರಿಸಲು, ಅರ್ಜಿ ಹಾಕಿ. ಅದಿಲ್ಲದೆ ಬೆಳೆಸಾಲಕ್ಕೂ ಪರಿಹಾರಕ್ಕೂ ಅಲೆದಾಟ ತಪ್ಪದು.

ಇದನ್ನೆಲ್ಲ ಯಾವಾಗ ಮಾತಾಡುವುದು ಎಂದು ಕೇಳಿದವರಿಗೆ ನಾನು ಎಳ್ಳಮಾವಾಸ್ಯೆ ಎನ್ನುತ್ತೇನೆ. ಅಂದು ಮಕ್ಕಳು ಮೊಮ್ಮಕ್ಕಳು, ಕೊಟ್ಟ ಹೆಣ್ಣುಮಕ್ಕಳು ಹೊಲಕ್ಕೆ ಬಂದಿರುತ್ತಾರೆ. ಭೂತಾಯಿಗೆ ಚರಗದ ಎಡೆ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡ ಮೇಲೆ ಅವರನ್ನೆಲ್ಲ ಬದುವಿನ ಮೇಲೆ ಒಂದು ಸುತ್ತು ನಡೆಸಿ. ಯಾವ ಕಲ್ಲು ಯಾರದು, ನೀರಿನ ಪಾಳಿ ಹೇಗೆ, ಯಾವ ತುಂಡು ಅಜ್ಜನದು, ಯಾವುದು ನಿಮ್ಮ ಬೆವರಿನದು, ಬಾಯಿಬಿಟ್ಟು ಹೇಳಿ.

ಆ ಅಣ್ಣತಮ್ಮಂದಿರ ತಂದೆ ಅಂಥದ್ದೇ ಒಂದು ಕೆಲಸ ಮಾಡಿದ್ದರು. ಅಂದು ನಾನು ಬಾವಿಯ ಪಾಳಿಯ ಬಗ್ಗೆ ಕೇಳಿದಾಗ ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರು, ದನಿ ಏರಿತು. ಕೊನೆಗೆ ಚಿಕ್ಕವನು ಚೀಲದಿಂದ ಕೆಂಪು ಬಟ್ಟೆಯ ರಟ್ಟಿನ ವಹಿಯೊಂದನ್ನು ತೆಗೆದ. ಮೂಲೆಗಳು ಸವೆದಿದ್ದವು, ರಟ್ಟಿನ ಮೇಲೆ ಎಣ್ಣೆಯ ಕಲೆ. ಒಳಗೆ ಗುಂಡಗಿನ ಅಕ್ಷರದಲ್ಲಿ ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿದಾರಿ. ಮುಂದೆ ಬಾವಿ ಪಾಳಿ, ಯಾರಿಂದ ಎಷ್ಟು ಸಾಲ, ತೀರಿದ ಸಾಲದ ಮೇಲೆ ಅಡ್ಡಗೆರೆ. ಪ್ರತಿ ಯುಗಾದಿಗೆ ಒಂದು ಪುಟ, ಕೆಳಗೆ ನೀಲಿ ಹೆಬ್ಬೆಟ್ಟು. ಅವರ ತಂದೆಗೆ ಓದು ಬರಹ ಇರಲಿಲ್ಲ.

"ಅಕ್ಷರ ಯಾರದು?" ಎಂದು ಕೇಳಿದೆ.

"ನನ್ನದು. ಆರನೆಯ ತರಗತಿಯಿಂದ ಮದುವೆಯವರೆಗೆ ಅಪ್ಪ ನನ್ನಿಂದಲೇ ಬರೆಸುತ್ತಿದ್ದ" ಎಂದಳು ತಂಗಿ. ಪಾಳಿಯ ಪುಟವನ್ನು ಆಕೆ ನೋಡದೆಯೇ ಹೇಳಿದಳು. ಅಣ್ಣಂದಿರು ಸುಮ್ಮನೆ ಕೇಳಿದರು.

ಅಂದು ಸಹಿ ಆಗಲಿಲ್ಲ. ಹನ್ನೆರಡು ಎಕರೆ ಪಿತ್ರಾರ್ಜಿತ, ಮೂರು ಎಕರೆ ತಂದೆ ಕೊಂಡದ್ದು. ಮೂವರಿಗೂ ಐದೈದು ಎಕರೆ ಎಂದು ಹಾಳೆಯ ಮೇಲೆ ಲೆಕ್ಕ ಬರೆದು ಮೂವರ ಕೈಗೂ ಕೊಟ್ಟೆ. ಹದಿನೈದು ದಿನ ಬಿಟ್ಟು ಬಂದರು. ಬಾವಿಯ ಪಕ್ಕದ ಎರಡು ಎಕರೆಯನ್ನು ಆಕೆ ಇಟ್ಟುಕೊಂಡಳು, ಉಳಿದ ಮೂರನ್ನು ಅಣ್ಣಂದಿರಿಗೆ ಬಿಟ್ಟಳು. ಪತ್ರವನ್ನು ತಾನೇ ಗಟ್ಟಿಯಾಗಿ ಓದಿ ಸಹಿ ಮಾಡಿದಳು. ವಹಿಯ ಜೆರಾಕ್ಸ್ ಅಣ್ಣಂದಿರು ಒಯ್ದರು, ಅಸಲು ಪ್ರತಿ ಆಕೆಯ ಹತ್ತಿರ ಇದೆ. ಅದರಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು. ಮುಂದಿನ ಯುಗಾದಿಗೆ ಹೊಸ ಪಾಳಿಯನ್ನು ಆಕೆಯೇ ಬರೆದಳಂತೆ; ಕೆಳಗೆ ಮೂವರ ಸಹಿ.